ಜಿಂಕ್ ಜಾಸ್ತಿಯಾದರೆ ಪಿವಿಸಿ ಯಾಕೆ ಕಪ್ಪಾಗುತ್ತದೆ?

ಪ್ರಶ್ನೆ: ನಮ್ಮದು ಪಿವಿಸಿ ಪಟ್ಟಿ ಎಳೆಯುವ ಸಣ್ಣ ಘಟಕ. ಸೀಸದ ಸ್ಟೆಬಿಲೈಸರ್ (ಬಿಸಿಗೆ ಪಿವಿಸಿ ಕೆಡದಂತೆ ಕಾಯುವ ವಸ್ತು) ಬಿಟ್ಟು ಕ್ಯಾಲ್ಸಿಯಂ-ಜಿಂಕ್‌ಗೆ ಬಂದಿದ್ದೇವೆ. ಮಾಲು ಮೊದಲು ಬೆಳ್ಳಗೆ ಬರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಕಪ್ಪು. ಅದರಲ್ಲಿನ ಜಿಂಕ್ ಭಾಗವಾದ ಜಿಂಕ್ ಸ್ಟಿಯರೇಟ್ ಜಾಸ್ತಿ ಹಾಕಿದರೆ ಇನ್ನೂ ಬೇಗ ಕಪ್ಪಾಯಿತು. ಯಾಕೆ?

ಉತ್ತರ: ಜಾಸ್ತಿ ಹಾಕಿದ್ದೇ ಎಡವಟ್ಟಾಯಿತು. ಪಿವಿಸಿಯ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್ನೇ. ಬಿಸಿ ತಾಗಿದಾಗ ಅದರ ಅಣು ಸರಪಳಿಯಲ್ಲಿ ಸಡಿಲವಾಗಿ ಕೂತ ಕ್ಲೋರಿನ್, ಪಕ್ಕದ ಹೈಡ್ರೋಜನ್ ಜೊತೆ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬೀಳುತ್ತದೆ, ಆ ಜಾಗದಲ್ಲಿ ಜೋಡಿ ಬಂಧ ಉಳಿಯುತ್ತದೆ, ಅದರಿಂದ ಪಕ್ಕದ ಕ್ಲೋರಿನ್ ಕೂಡ ಸಡಿಲವಾಗುತ್ತದೆ. ಹೊರಬಿದ್ದ ಅನಿಲವೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಜೋಡಿ ಬಂಧಗಳ ಸಾಲು ಉದ್ದವಾದಂತೆ ಬಣ್ಣ ಹಳದಿ, ಕಂದು, ಕೊನೆಗೆ ಕಪ್ಪು.

ಜಿಂಕ್ ಸ್ಟಿಯರೇಟ್ ಆ ಸಡಿಲ ಕ್ಲೋರಿನ್ನನ್ನು ಕಿತ್ತು ಅಲ್ಲಿ ಸ್ಟಿಯರೇಟ್ ಕೂರಿಸುತ್ತದೆ. ಅದಕ್ಕೇ ಶುರುವಿನಲ್ಲಿ ಬಿಳಿ ಚೆನ್ನಾಗಿ ನಿಲ್ಲುವುದು. ಆದರೆ ಕಿತ್ತ ಕ್ಲೋರಿನ್ ಜಿಂಕ್ ಕ್ಲೋರೈಡ್ ಆಗುತ್ತದಲ್ವಾ, ಅದು ಪಿವಿಸಿಯನ್ನು ಕೆಡಿಸುವುದರಲ್ಲಿ ಎತ್ತಿದ ಕೈ. ಕ್ಯಾಲ್ಸಿಯಂ ಸ್ಟಿಯರೇಟ್ ಇರುವುದು ಇದನ್ನು ಹಿಡಿಯೋಕೆ: ಕ್ಲೋರಿನ್ನನ್ನು ತಾನು ತೆಗೆದುಕೊಂಡು ಜಿಂಕನ್ನು ಮತ್ತೆ ಸ್ಟಿಯರೇಟ್ ಮಾಡಿ ಕಳಿಸುತ್ತದೆ. ಕ್ಯಾಲ್ಸಿಯಂ ಮುಗಿದ ಗಳಿಗೆಯಲ್ಲಿ ಜಿಂಕ್ ಕ್ಲೋರೈಡ್ ಗುಡ್ಡೆ ಬೀಳುತ್ತದೆ, ಮಾಲು ಒಮ್ಮೆಲೇ ಕಪ್ಪು. ಇದನ್ನೇ ಜಿಂಕ್ ಬರ್ನಿಂಗ್ ಅನ್ನುವುದು.

ಹಾಗಾಗಿ ಜಿಂಕ್ ಇಳಿಸಿ, ಕ್ಯಾಲ್ಸಿಯಂ ಏರಿಸಿ. ಹೈಡ್ರೋಟಾಲ್ಸೈಟ್ ಎಂಬ ಖನಿಜದ ಪುಡಿ ಸೇರಿಸಿದರೆ ಅದು ಹೊರಬಿದ್ದ ಆಮ್ಲವನ್ನು ಹೀರಿಕೊಳ್ಳುತ್ತದೆ. ಡೈಪೆಂಟಾಎರಿಥ್ರಿಟಾಲ್‌ನಂಥದ್ದು ಜಿಂಕ್ ಕ್ಲೋರೈಡನ್ನು ಕಟ್ಟಿಹಾಕುತ್ತದೆ. ಎಪಾಕ್ಸಿ ಸೋಯಾ ಎಣ್ಣೆಯೂ ಒಳ್ಳೆಯದೇ, ಆದರೆ ಗಟ್ಟಿ ಮಾಲಿಗೆ ಸ್ವಲ್ಪವೇ ಸಾಕು, ಜಾಸ್ತಿಯಾದರೆ ಮೆತ್ತಗಾಗುತ್ತದೆ. ಸಿದ್ಧ ಒನ್-ಪ್ಯಾಕ್ (ಎಲ್ಲವನ್ನೂ ಅಳತೆಯಲ್ಲಿ ಮೊದಲೇ ಬೆರೆಸಿದ ಸ್ಟೆಬಿಲೈಸರ್) ತರುತ್ತಿದ್ದರೆ ಅದರ ಮೇಲೆ ಸುಮ್ನೆ ಏನನ್ನೂ ಸುರಿಯಬೇಡಿ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಲೆಡ್ ಸ್ಟಿಯರೇಟ್ ಜಾರಿಕೆಯನ್ನೂ ಕೊಡುತ್ತಿತ್ತು. ಅದು ಹೋದ ಮೇಲೆ ಜಾರಿಕೆಗೆ ಹಾಕುವ ವ್ಯಾಕ್ಸ್ ಲೆಕ್ಕ ಸರಿಮಾಡದಿದ್ದರೆ ಮಾಲು ತಳ್ಳುವ ಸ್ಕ್ರೂ ತಿಕ್ಕಿದ ಬಿಸಿಗೇ ಮಾಲು ಸುಡುತ್ತದೆ, ಹೀಟರ್ ಎಷ್ಟು ಇಳಿಸಿದರೂ ಅಷ್ಟೇ.

ಬದಲಾವಣೆ ಮಾಡಿದಾಗೆಲ್ಲ ಅವನ್‌ನಲ್ಲಿ ನೋಡಿ. ಹಾಳೆಯ ತುಂಡುಗಳನ್ನು 180 ಡಿಗ್ರಿಯಲ್ಲಿಟ್ಟು 10 ನಿಮಿಷಕ್ಕೊಂದು ಹೊರತೆಗೆದು ಸಾಲಾಗಿ ಅಂಟಿಸಿ. ಬಿಳಿ, ಬಿಳಿ, ಆಮೇಲೆ ಪಕ್ಕದಲ್ಲೇ ಕಪ್ಪು ತುಂಡು ಬಂದರೆ ಜಿಂಕ್ ಇನ್ನೂ ಜಾಸ್ತಿ. ಬೇಗ ಹಳದಿಯಾಗಿ, ಆಮೇಲೆ ನಿಧಾನಕ್ಕೆ ಕಂದಾದರೆ ಕ್ಯಾಲ್ಸಿಯಂ ಜಾಸ್ತಿ. ಅವನ್‌ನಲ್ಲಿ ಎಲ್ಲ ಸರಿಯಿದ್ದು ಪಟ್ಟಿಯ ಒಂದೇ ಜಾಗದಲ್ಲಿ ಕಪ್ಪು ಗೆರೆ ಬರುತ್ತಿದ್ದರೆ ಡೈ (ಪಟ್ಟಿಗೆ ಆಕಾರ ಕೊಡುವ ಅಚ್ಚು) ಬಿಚ್ಚಿ. ಮೂಲೆಯಲ್ಲಿ ಮಾಲು ನಿಂತು ಸುಟ್ಟಿರುತ್ತದೆ.

ಪ್ರಶ್ನೆ: ಟಿನ್ (ತವರ) ಸ್ಟೆಬಿಲೈಸರ್ ಹಾಕಿದ ಮಾಲಿಗೆ ಸೀಸದ ಹಳೇ ಸ್ಕ್ರ್ಯಾಪ್ ಬೆರೆಸಬಹುದಾ?

ಉತ್ತರ: ಬೇಡ. ಗಂಧಕ ಇರುವ ಟಿನ್ ಸ್ಟೆಬಿಲೈಸರ್ ಆದರೆ ಸೀಸದ ಜೊತೆ ಸೇರಿ ಲೆಡ್ ಸಲ್ಫೈಡ್ ಆಗುತ್ತದೆ, ಮಾಲಿನ ಬಣ್ಣವೇ ಕೆಡುತ್ತದೆ. ಸೀಸ ವಿಷ ಬೇರೆ. ಮೊದಲು ಸೀಸ ಓಡಿಸಿದ ಮೆಷಿನ್ನಾದರೆ ಸ್ಕ್ರೂ ತಿರುಗುವ ಬ್ಯಾರಲ್ಲನ್ನೂ ಚೆನ್ನಾಗಿ ತೊಳೆದೇ ಟಿನ್ ಹಾಕಿ.