ಸಂಪಾದಕರ ಉತ್ತರ: ತಿಂಗಳಿಗೆ ಎರಡು ಸಲ ಬರೋ ಮೇಷ್ಟ್ರಿಂದ ಏನ್ ಪ್ರಯೋಜನ?

ನಮಸ್ಕಾರ ಮೇಡಂ, ನಿಮ್ಮ ಕಾಗದ ತಲುಪ್ತು. ಮಲೆನಾಡಿನ ಒಂಟಿಮನೆ, ಅಕ್ಕನ ಮಗಳಿಗೆ ಹನ್ನೊಂದು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದ ಸ್ಥಿತಿ), ಶಾಲೆ ಹಾಜರಿಲಿ ಹೆಸರಿದೆ ಆದ್ರೆ ಪಾಠ ಎಲ್ಲಾ ಮನೇಲೇ. ಬಿಆರ್‌ಸಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಕಡೆಯಿಂದ ಬಿಐಇಆರ್‌ಟಿ ಮೇಷ್ಟ್ರು, ಅಂದ್ರೆ ವಿಶೇಷ ಅಗತ್ಯದ ಮಕ್ಕಳಿಗೆ ಅಂತಲೇ ಇರೋ ಶಿಕ್ಷಕರು, ತಿಂಗಳಿಗೆ ಎರಡು ಸಲ ಬಂದು ಒಂದೊಂದು ಗಂಟೆ ಕೂತು, ಫೋಟೋ ಹೊಡ್ಕೊಂಡು, ಅಕ್ಕನ ಕೈಲಿ ಸಹಿ ಹಾಕಿಸ್ಕೊಂಡು ಹೋಗ್ತಾರೆ, ಇದೂ ಒಂದು ಶಿಕ್ಷಣನಾ, ಇದರ ಬದ್ಲು ಜಿಲ್ಲೆಗೊಂದು ಹಾಸ್ಟೆಲ್ ಇರೋ ಸ್ಪೆಷಲ್ ಸ್ಕೂಲ್ ಮಾಡ್ಬಾರ್ದಾ ಅಂತ ಕೇಳಿದೀರಿ. ಸಿಟ್ಟು ನ್ಯಾಯವಾಗೇ ಇದೆ. ಆದ್ರೆ ಆ ಸಿಟ್ಟಲ್ಲಿ ಅರ್ಧ, ತಪ್ಪು ಮಾಡದ ಮನುಷ್ಯನ ಮೇಲೆ ಬಿದ್ದಿದೆ ಅನ್ಸುತ್ತೆ ನನಗೆ.

ತಿಂಗಳಿಗೆ ಎರಡು ಗಂಟೇಲಿ ಯಾವ ಮಗೂನೂ ಏನೂ ಕಲಿಯಲ್ಲ, ಅದು ಮೇಷ್ಟ್ರಿಗೂ ಗೊತ್ತು. ಹಾಗಾಗಿ ಅವರ ನಿಜವಾದ ಕೆಲಸ ಆ ಗಂಟೇಲಿ ಮಗೂಗೆ ಅಆಇಈ ತಿದ್ಸೋದಲ್ಲ, ಮುಂದಿನ ಸಲ ಬರೋವರ್ಗೂ ಮನೆಯವರು ದಿನಾ ಏನ್ ಮಾಡ್ಬೇಕು ಅನ್ನೋದನ್ನ ಕೈಹಿಡಿದು ತೋರ್ಸಿ ಹೋಗೋದು. ಊಟ ಮಾಡ್ಸುವಾಗ ಮಗೂನ ಅಂಗಾತ ಮಲಗಿಸ್ಬೇಡಿ, ನೆತ್ತಿಗೆ ಹತ್ತುತ್ತೆ, ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರ್ಸಿ ಅನ್ನೋದು. ಚಮಚದ ಹಿಡಿಗೆ ಹಳೇ ಬಟ್ಟೆನೋ ಸೈಕಲ್ ಟ್ಯೂಬೋ ಸುತ್ತಿ ದಪ್ಪ ಮಾಡಿದ್ರೆ ಮಗು ತಾನೇ ಹಿಡ್ಕೊಳ್ಳೋಕೆ ಸುಲಭ ಅನ್ನೋದು, ಪೆನ್ಸಿಲ್‌ಗೂ ಅದೇ ಉಪಾಯ. ನೀರಿನ ಲೋಟದ ಚಿತ್ರ, ಊಟದ ತಟ್ಟೆ ಚಿತ್ರ ಎರಡೂ ಮುಂದಿಟ್ಟು, ಮಾತು ಬರದ ಮಗು ಯಾವುದರ ಕಡೆ ಕಣ್ಣು ತಿರುಗಿಸುತ್ತೋ ಅದನ್ನ ಕೊಡಿ, ಅದೇ ಅವಳ ಮಾತು ಅನ್ನೋದು. ಅಂಗಿ ಹಾಕೋದನ್ನ ಚಿಕ್ಕ ಚಿಕ್ಕ ಹೆಜ್ಜೆ ಮಾಡಿ ಒಂದೊಂದೇ ಕಲ್ಸೋದು, ಬಟನ್ ಕೊನೇಗೆ. ಕಾಲು ಹಾಗೇ ಬಿಟ್ರೆ ಸ್ನಾಯು ಬಿಗಿದು ಬಿಗಿದು ಮಂಡಿ ಮಡಚಿದ್ದಲ್ಲೇ ನಿಂತುಬಿಡುತ್ತೆ, ಅದಕ್ಕೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದನ್ನ ದಿನಾ ಮಾಡ್ತಿದಾರಾ ಅಂತ ವಿಚಾರಿಸೋದೂ ಅವರ ಪಾಲಿಗೇ. ಇದ್ಯಾವ್ದೂ ಪಾಠದ ಥರ ಕಾಣಲ್ಲ, ನೋಡೋರಿಗೆ ಬಂದ್ರು, ಮಾತಾಡಿದ್ರು, ಹೋದ್ರು ಅಷ್ಟೇ.

ಫೋಟೋ ವಿಷಯ. ಅದು ಅವರ ಖಯಾಲಿ ಅಲ್ಲ, ಮೇಲಿನವರು ಕೇಳೋ ಸಾಕ್ಷಿ. ಫೋಟೋ ಇಲ್ಲ ಅಂದ್ರೆ ಆ ಭೇಟಿನೇ ಇಲ್ಲ. ಮಗು ಈ ಸಲ ತಾನೇ ಚಮಚ ಎತ್ತಿತು ಅನ್ನೋದನ್ನ ಯಾವ ಆಪೂ ಕೇಳಲ್ಲ, ನನಗೆ ಬೇಜಾರಾಗೋದು ಅದು.

ಅವರ ಉಳಿದ ದಿನಗಳೂ ಖಾಲಿ ಇರಲ್ಲ. ಒಂದು ಶಾಲೇಲಿ ದೃಷ್ಟಿ ಕಮ್ಮಿ ಇರೋ ಹುಡುಗನ್ನ ಹಿಂದಿನ ಬೆಂಚಿಂದ ಮುಂದಕ್ಕೆ ತರಿಸಿ ಬೋರ್ಡ್ ಮೇಲೆ ದಪ್ಪಕ್ಷರ ಬರೀರಿ ಅಂತ ಟೀಚರ್‌ಗೆ ಹೇಳ್ಬೇಕು, ಇನ್ನೊಂದು ಕಡೆ ಹಿಯರಿಂಗ್ ಏಡ್ ಬ್ಯಾಟರಿ ಮುಗಿದು ಬೀರು ಸೇರಿರುತ್ತೆ, ಅದನ್ನ ಹೊರಗೆ ತೆಗ್ಸಿ ಮತ್ತೆ ಕಿವಿಗೆ ಹಾಕಿಸ್ಬೇಕು, ವೈದ್ಯಕೀಯ ಶಿಬಿರಕ್ಕೆ ಮಕ್ಕಳನ್ನ ಕರ್ಕೊಂಡ್ ಬರ್ಬೇಕು, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕ್ಸಬೇಕು, ಎಸ್ಸೆಸ್ಸೆಲ್ಸಿ ಬಂದ್ರೆ ಸ್ಕ್ರೈಬ್ (ಮಗು ಹೇಳಿದ್ದನ್ನ ಪರೀಕ್ಷೇಲಿ ಬರೆಯೋರು) ಹುಡುಕ್ಬೇಕು. ನಿಮ್ಮ ಕಡೆ ಮಳೆಗಾಲದಲ್ಲಿ ಬಸ್ಸಿಳಿದು ಕಾಲುಸಂಕ ದಾಟಿ ಒಂದು ಮನೆ ಮುಟ್ಟೋಷ್ಟರಲ್ಲಿ ಅರ್ಧ ದಿನ ಹೋಗುತ್ತೆ, ಅದು ನನಗಿಂತ ನಿಮಗೇ ಚೆನ್ನಾಗ್ ಗೊತ್ತು. ಮೇಲಾಗಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 21 ಥರದ ಅಂಗವೈಕಲ್ಯ ಇದೆ, ಆದ್ರೆ ಸ್ಪೆಷಲ್ ಎಜುಕೇಶನ್ ಟ್ರೈನಿಂಗ್ ಸಾಮಾನ್ಯವಾಗಿ ಒಂದೊಂದು ವಿಭಾಗಕ್ಕೆ ಸಿಗೋದು. ಕಿವಿ ಕೇಳದ ಮಕ್ಕಳ ಕೋರ್ಸ್ ಮಾಡಿದೋರು ಸೆರೆಬ್ರಲ್ ಪಾಲ್ಸಿ ಮಗೂ ಮನೆಗೂ ಹೋಗ್ಬೇಕಾಗುತ್ತೆ.

ಹಾಗಾದ್ರೆ ಸಿಟ್ಟು ಯಾರ ಮೇಲೆ? ಮೇಷ್ಟ್ರ ಸಂಖ್ಯೆ ಕಮ್ಮಿ ಇರೋದರ ಮೇಲೆ. ತೀವ್ರ ಅಂಗವೈಕಲ್ಯ, ಬಹುವಿಕಲತೆ ಇರೋ ಮಕ್ಕಳಿಗೆ ಮನೇಲೇ ಶಿಕ್ಷಣ ಪಡೆಯೋ ಹಕ್ಕು 2012ರ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ತಿದ್ದುಪಡೀಲೇ ಬಂತು. 2021ರಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಅಗತ್ಯದ ಮಕ್ಕಳಿಗೆ ಪ್ರೈಮರೀಲಿ 10 ಜನಕ್ಕೊಬ್ಬ, ಅದರ ಮೇಲಿನ ತರಗತಿಗಳಲ್ಲಿ 15 ಜನಕ್ಕೊಬ್ಬ ವಿಶೇಷ ಶಿಕ್ಷಕ ಬೇಕು ಅಂತ ಹೇಳ್ತು, ಅಷ್ಟು ಜನ ಸಿಗೋವರ್ಗೂ ಕ್ಲಸ್ಟರ್ ಶಾಲೆಗಳ ನಡುವೆ ಓಡಾಡೋ ಶಿಕ್ಷಕರಿಂದ ಸುಧಾರಿಸ್ಕೊಳ್ಳಿ ಅಂತನೂ ಹೇಳ್ತು. ನಮ್ಮಲ್ಲಿ ಆಗಿರೋದು ಏನಂದ್ರೆ, ತಾತ್ಕಾಲಿಕವಾಗಿ ಸುಧಾರಿಸ್ಕೊಳ್ಳೋದೇ ಕಾಯಂ ಆಗಿಬಿಟ್ಟಿದೆ, ಇಡೀ ತಾಲ್ಲೂಕನ್ನ ಬೆರಳೆಣಿಕೆ ಮೇಷ್ಟ್ರ ಬೈಕಿನ ಮೇಲೆ ಹೊರಿಸಿದೀವಿ. ನೀವು ಪತ್ರ ಬರೀಬೇಕಾದ್ದು ಮೇಷ್ಟ್ರು ಬೇಡ ಅಂತಲ್ಲ, ಇನ್ನಷ್ಟು ಜನ ಬೇಕು ಅಂತ.

ಹಾಸ್ಟೆಲ್ ಶಾಲೆ ಬಗ್ಗೆ ನನಗೇನೂ ವಿರೋಧ ಇಲ್ಲ. ಮೈಸೂರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಶಾಲೆ ಶುರುವಾಗಿದ್ದು 1901ರಲ್ಲಿ, ಬ್ರೈಲ್, ಸಂಜ್ಞೆ ಭಾಷೆ ಕಲಿಯೋ ಮಗೂಗೆ ತನ್ನಂಥ ಜೊತೆಗಾರರು ಸಿಗೋದು ದೊಡ್ಡ ವಿಷಯ. ಆದ್ರೆ ನಿಮ್ಮ ಅಕ್ಕನ ಮಗಳಿಗೆ ಬೇಕಿರೋದು ಅವಳ ಭಾಷೆ ಅರ್ಥ ಮಾಡ್ಕೊಂಡಿರೋ ಮನೆ, ಪಕ್ಕದ ಶಾಲೆ ಮಕ್ಕಳ ಪರಿಚಯ. ಎಲ್ಲರನ್ನೂ ಜಿಲ್ಲಾ ಕೇಂದ್ರಕ್ಕೆ ಸಾಗಿಸಿದ್ರೆ ಊರು ಅವರನ್ನ ಮರೆತು ನಿರಾಳ ಆಗುತ್ತೆ, ನನಗಿರೋ ಭಯ ಇದೊಂದೇ.

ಮುಂದಿನ ಭೇಟೀಲಿ ಅಕ್ಕ ಇಷ್ಟು ಕೇಳ್ಲಿ: ಮಗೂಗೆ ಅಂತಲೇ ಮಾಡಿರೋ ಐಇಪಿ ಎಲ್ಲಿ, ಈ ಮೂರು ತಿಂಗಳಲ್ಲಿ ಏನ್ ಕಲೀಬೇಕು ಅಂತ ಬರ್ದಿದೀರಿ, ನಾಳೆಯಿಂದ ನಾನು ಮಾಡ್ಬೇಕಾದ ಒಂದು ಕೆಲಸ ಯಾವ್ದು. ಐಇಪಿ ಅಂದ್ರೆ ಆ ಒಂದು ಮಗೂದೇ ಕಲಿಕಾ ಯೋಜನೆ. ಸಿಪಿ ಚೇರ್ (ಸೆರೆಬ್ರಲ್ ಪಾಲ್ಸಿ ಮಗೂಗೆ ಆಸರೆ ಕೊಟ್ಟು ಕೂರ್ಸೋ ಕುರ್ಚಿ) ಕೊಟ್ಟಿದಾರೆ, ಬಟ್ಟೆ ಹಾಕೋಕೆ ಬಳಸ್ತಿದೀವಿ ಅಂತನೂ ಬರ್ದಿದೀರಿ. ಮಗು ಬೆಳೆದಿದ್ರೆ ಅಳತೆ ತಪ್ಪಿರುತ್ತೆ, ಹೊಸದಕ್ಕೆ ಮುಂದಿನ ಶಿಬಿರದಲ್ಲಿ ಹೆಸರು ಬರ್ಸೋಕೆ ಹೇಳಿ. ಇವಕ್ಕೆ ಉತ್ತರ ಇಲ್ಲ, ಬರೀ ಸಹಿ ಬೇಕು ಅಂದ್ರೆ ಆಗ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಲಿಖಿತವಾಗಿ ದೂರು ಕೊಡಿ, ನಾನೂ ನಿಮ್ಮ ಪರ.

ಸ್ಟೈಪೆಂಡ್ ಕೇಳಿದ್ರಿ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೇಲಿ ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ, ವರ್ಷಕ್ಕೆ 10 ತಿಂಗಳು. ಬ್ಯಾಂಕ್ ಪಾಸ್‌ಬುಕ್, ಆಧಾರ್ ಜೆರಾಕ್ಸ್ ಮೇಷ್ಟ್ರ ಕೈಗೇ ಕೊಟ್ಟು ಕಳ್ಸಿ.