ಹೆಸರು ಹುಡುಕಬೇಡಿ, ಸರ್ವೆ ನಂಬರ್ ಹುಡುಕಿ

ಓದುಗರ ಪ್ರಶ್ನೆ: ಮನೆತನದ ಹಿಂದಿನ ತಲೆಮಾರುಗಳ ಬಗ್ಗೆ

ಪ್ರಶ್ನೆ: ನಮ್ಮ ಮೂಲ ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ 1950ರ ದಶಕದಲ್ಲಿ ದಾವಣಗೆರೆಯ ಹತ್ತಿ ಮಿಲ್ಲಿಗೆ ಕೆಲಸಕ್ಕೆ ಬಂದವರು ಮತ್ತೆ ಊರ ಕಡೆ ಹೋಗಲೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಕೇಳೋಣ ಅಂದರೆ ಹೇಳುವವರಿಲ್ಲ. ನಮ್ಮ ಅಡ್ಡಹೆಸರು ಅಂಗಡಿ. ವಂಶವೃಕ್ಷದ ವಿದೇಶಿ ವೆಬ್‌ಸೈಟ್‌ ಒಂದಕ್ಕೆ ವರ್ಷದ ಚಂದಾ ಕಟ್ಟಿ ಹುಡುಕಿದೆ, ಏನೂ ಸಿಗಲಿಲ್ಲ. ಮುತ್ತಜ್ಜನ ಹೆಸರಾದರೂ ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಮೊದಲು ಆ ಚಂದಾ ನಿಲ್ಲಿಸಿ. ಅಂಥ ವೆಬ್‌ಸೈಟ್‌ಗಳು ಅವರ ಚರ್ಚಿನ ರಿಜಿಸ್ಟರು, ಹಡಗಿನ ಪಟ್ಟಿ, ಹಳೆಯ ಜನಗಣತಿಯ ಹಾಳೆಗಳ ಮೇಲೆ ನಿಂತಿವೆ. ನಮ್ಮಲ್ಲಿ ಜನಗಣತಿಯವರು ಮನೆಮನೆಗೆ ಬಂದು ಬರೆದುಕೊಂಡ ವಿವರ 1948ರ ಕಾಯ್ದೆಯ ಪ್ರಕಾರ ಗೋಪ್ಯ. ಇನ್ನು ಅಂಗಡಿ ಅನ್ನುವ ಅಡ್ಡಹೆಸರು ಊರೂರಿಗೂ ಇದೆ. ಅದನ್ನು ಹಿಡಿದು ಹುಡುಕಿದರೆ ಯಾರ ಯಾರದೋ ಮನೆಗೆ ಹೋಗಿ ಮುಟ್ಟುತ್ತೀರಿ.

ನಾನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ 29 ವರ್ಷ ಕೆಲಸ ಮಾಡಿದವಳು. ಅಲ್ಲಿ ಕಲಿತದ್ದು ಇಷ್ಟು: ನಮ್ಮ ಸರ್ಕಾರಿ ಕಾಗದಗಳು ಮನುಷ್ಯರನ್ನು ನೆನಪಿಟ್ಟುಕೊಂಡದ್ದು ಕಡಿಮೆ, ಹೊಲವನ್ನು ನೆನಪಿಟ್ಟುಕೊಂಡದ್ದು ಜಾಸ್ತಿ. ಹೊಲದ ಬೆನ್ನು ಹತ್ತಿ, ಮನುಷ್ಯರು ಸಿಗುತ್ತಾರೆ.

ಹೊಲದ ಸರ್ವೆ ನಂಬರ್ ನಿಮಗೆ ಗೊತ್ತಿಲ್ಲ ಅಲ್ವಾ? ಅದಕ್ಕೊಂದು ದಾರಿ ಇದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ 2002ರ ಮತದಾರರ ಪಟ್ಟಿ ಪಿಡಿಎಫ್ ರೂಪದಲ್ಲಿದೆ. ನಿಮ್ಮ ಹಳ್ಳಿಯ ಭಾಗ ತೆಗೆದು ಅಂಗಡಿ ಮನೆಯವರನ್ನೆಲ್ಲ ಒಂದು ಹಾಳೆಗೆ ಬರೆದುಕೊಳ್ಳಿ. ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್ ಎಲ್ಲ ಇರುತ್ತದೆ. ಅಕ್ಕಪಕ್ಕದ ಮನೆ ನಂಬರ್ ಇದ್ದವರು ಎಷ್ಟೋ ಸಲ ಅಣ್ಣತಮ್ಮಂದಿರೇ ಆಗಿರುತ್ತಾರೆ. ಆಗಲೇ 60 ದಾಟಿದ್ದವರ ಹೆಸರಿಗೆ ಗುರುತು ಹಾಕಿ. ಆಮೇಲೆ ಗ್ರಾಮ ಪಂಚಾಯ್ತಿಗೆ ಫೋನ್ ಮಾಡಿ, ಆ ಮನೆಯವರು ಈಗ ಯಾರಿದ್ದಾರೆ ಅಂತ ವಿಚಾರಿಸಿ. ಅಜ್ಜನ ಹೆಸರು, ಮಿಲ್ಲಿಗೆ ಹೋದ ಸಂಗತಿ ಹೇಳಿದರೆ ಒಬ್ಬರಿಗಾದರೂ ನೆನಪಾದೀತು. ಅವರಿಂದ ಸರ್ವೆ ನಂಬರ್ ಕೇಳಿ. ಆಸ್ತಿಯಲ್ಲಿ ಪಾಲು ಕೇಳೋಕೆ ಬಂದಿಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಿಬಿಡಿ. ಈ ಒಂದು ಮಾತಿಲ್ಲದೆ ಎಷ್ಟೋ ಬಾಗಿಲು ತೆರೆಯೋದಿಲ್ಲ.

ನಂಬರ್ ಸಿಕ್ಕ ಮೇಲೆ ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟ್‌ಗೆ ಹೋಗಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ನಂಬರ್ ಹಾಕಿದರೆ ಪಹಣಿ, ಅಂದರೆ ಹೊಲ ಯಾರದು ಅಂತ ಹೇಳುವ ದಾಖಲೆ, ಬರುತ್ತದೆ. ಎಲ್ಲರೂ 9ನೇ ಕಾಲಂ ನೋಡಿ ಸುಮ್ನಾಗುತ್ತಾರೆ. ಅಲ್ಲಿರೋದು ಈಗಿನ ಖಾತೆದಾರರ ಹೆಸರು ಮಾತ್ರ. ನೀವು 10ನೇ ಕಾಲಂ ನೋಡಿ. ಜಮೀನು ಹೇಗೆ ಬಂತು ಅನ್ನೋದು, ಮ್ಯುಟೇಶನ್ (ಖಾತೆ ಬದಲಾವಣೆಯ ನೋಂದಣಿ) ನಂಬರ್ ಅಲ್ಲಿರುತ್ತದೆ. ಪೌತಿ ಅಥವಾ ವಾರಸಾ ಅಂತಿದ್ದರೆ ಹಿರಿಯರು ತೀರಿಕೊಂಡು ಬಂದದ್ದು. ವಿಭಾಗ ಅಥವಾ ವಾಟ್ನಿ ಅಂತಿದ್ದರೆ ಅಣ್ಣತಮ್ಮಂದಿರು ಪಾಲಾದದ್ದು. ಆ ನಂಬರ್ ಹಿಡಿದು ಅದರ ಹಿಂದಿನದಕ್ಕೆ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗುತ್ತಾ ಇರಬೇಕು. ಹೊಲ ಮಾರಿಹೋಗಿದ್ದರೂ ಚಿಂತೆಯಿಲ್ಲ, ಮಾರಿದವರ ಹೆಸರು ಅಲ್ಲೇ ಇರುತ್ತದೆ.

ಪಹಣಿ ಕಂಪ್ಯೂಟರಿಗೆ ಹೋದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಕೈಬರಹದ ದಾಖಲೆಗೆ ತಾಲ್ಲೂಕು ಕಚೇರಿಯಲ್ಲಿ ನಕಲು ಅರ್ಜಿ ಕೊಡಬೇಕು. ಕಂದಾಯ ಇಲಾಖೆ ಈಗ ಭೂ ಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ, ನಿಮ್ಮ ಊರಿನದು ಆಗಿದೆಯಾ ಅಂತಲೂ ಕೇಳಿ. ನಿಮ್ಮದು ಹಳೇ ಮುಂಬಯಿ ಪ್ರಾಂತ್ಯದ ಸೀಮೆ. ಅಲ್ಲಿ ಹಕ್ಕುದಾಖಲೆಯ ಕಾಯ್ದೆ 1903ರಲ್ಲೇ ಬಂತು. ಹಾಗಾಗಿ ನಿಮ್ಮ ಮುತ್ತಜ್ಜನ ಕಾಲದ ನೋಂದಣಿ ಸಿಗುತ್ತದೆ ಅನ್ನೋ ಭರವಸೆ ನನಗಿದೆ.

ಆ ಹಾಳೆ ಓದುವಾಗ ಕೆಲವು ಗುರುತುಗಳು ತಿಳಿದಿರಲಿ. ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಅಂದರೆ ಇಂಥವರ ಹೆಂಡತಿ. ‘ಮಯತ’ ಅಂದರೆ ತೀರಿಕೊಂಡವರು. ಇನ್ನೊಂದು ‘ಅ.ಪಾ.ಕ.’, ಅಂದರೆ ಅಜ್ಞಾನ ಪಾಲನಕರ್ತ. ವಯಸ್ಸಿಗೆ ಬಾರದ ಮಕ್ಕಳ ಪರವಾಗಿ ನಿಂತ ದೊಡ್ಡವರು.

ಈ ಮೂರಕ್ಷರವನ್ನು ನಾನು ಮರೆಯೋದಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ತಾಯಿಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ‘ದೊಡ್ಡಾಯಿ’. ಮುತ್ತಜ್ಜ 1918ರ ಜ್ವರದಲ್ಲಿ ಹೋದರು ಅಂತ ಮಾತ್ರ ಕೇಳಿದ್ದೆ. ಒಂದು ಮಧ್ಯಾಹ್ನ ನಮ್ಮದೇ ಊರಿನ ದಫ್ತರ ಬಿಚ್ಚಿದಾಗ 1919ರ ವಾರಸಾ ನೋಂದಣಿ ಕಂಡಿತು. ಅಂಚು ಮುಟ್ಟಿದರೆ ಪುಡಿಯಾಗುವ ಹಾಳೆ. ಖಾತೆದಾರ ಮಯತ, ಮಗ ಅಜ್ಞಾನ, ಅ.ಪಾ.ಕ. ತಾಯಿ ನೀಲವ್ವ. ಪಕ್ಕದಲ್ಲಿ ಮಸಿಯ ಹೆಬ್ಬೆಟ್ಟು. ಮಗನಿಗೆ ವಯಸ್ಸಾಗಿದ್ದರೆ ಆ ಹೆಸರು ಅಲ್ಲಿ ಬರುತ್ತಲೇ ಇರಲಿಲ್ಲ. ಗಂಡಸರ ಹೆಸರು ಕಾಗದದಲ್ಲಿ ತಾನಾಗೇ ಸಿಗುತ್ತದೆ, ಹೆಂಗಸರದನ್ನು ಹುಡುಕಬೇಕು. ಮುತ್ತಜ್ಜನ ಹೆಸರು ಸಿಕ್ಕಿತು ಅಂತ ನಿಲ್ಲಿಸಬೇಡಿ, ಮುತ್ತಜ್ಜಿಯದನ್ನೂ ಹುಡುಕಿ.

ಪ್ರಶ್ನೆ: ನಮ್ಮ ಹಿರಿಯರಿಗೆ ಸ್ವಂತ ಹೊಲ ಇರಲಿಲ್ಲ. ಬೇರೆಯವರ ಹೊಲ ಗೇಣಿಗೆ ಮಾಡಿದರು, ಕೂಲಿ ಮಾಡಿದರು. ನಮ್ಮಂಥವರಿಗೆ ದಾಖಲೆ ಎಲ್ಲಿಂದ ಬರಬೇಕು?
– ಓದುಗರು, ಹಾವೇರಿ

ಉತ್ತರ: ಗೇಣಿ ಮಾಡಿದ್ದರೆ ಕಾಗದ ಇದೆ. ಹಳೆಯ ಪಹಣಿಯ ಸಾಗುವಳಿ ಕಾಲಂನಲ್ಲಿ ಉಳುವವರ ಹೆಸರು ಬರೆಯುತ್ತಿದ್ದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಉಳುವ ಹೊಲ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರು. ಆ ಕಡತದಲ್ಲಿ ಅರ್ಜಿದಾರರ ಹೇಳಿಕೆ, ಸಾಕ್ಷಿಗಳ ಹೇಳಿಕೆ ಇರುತ್ತವೆ. ಎಷ್ಟು ವರ್ಷದಿಂದ ಉಳುತ್ತಿದ್ದೇವೆ, ತಂದೆ ಯಾರು ಅನ್ನೋದು ಅವರದೇ ಮಾತಿನಲ್ಲಿ ಸಿಗಬಹುದು. ಖಾತೆದಾರರ ಬಗ್ಗೆ ಇಷ್ಟು ವಿವರ ನಾನು ಎಲ್ಲೂ ನೋಡಿಲ್ಲ. ತಾಲ್ಲೂಕು ಕಚೇರಿಯಲ್ಲಿ ನಕಲು ಕೇಳಿ.

ಕೂಲಿ ಮಾಡಿದವರ ವಿಷಯದಲ್ಲಿ ಕಷ್ಟ ಇದೆ, ಸುಳ್ಳು ಹೇಳೋದಿಲ್ಲ. 2002ರ ಮತದಾರರ ಪಟ್ಟಿ ನೋಡಿ, ಆಮೇಲೆ ಊರ ಸರ್ಕಾರಿ ಶಾಲೆಗೆ ಹೋಗಿ. ದಾಖಲಾತಿ ರಿಜಿಸ್ಟರ್ ಆನ್‌ಲೈನ್‌ನಲ್ಲಿ ಇಲ್ಲ, ಮುಖ್ಯ ಶಿಕ್ಷಕರನ್ನು ಖುದ್ದಾಗಿ ಕೇಳಬೇಕು. ಅಲ್ಲಿ ಹುಟ್ಟಿದ ತಾರೀಖು ಜೂನ್ 1 ಅಂತಿದ್ದರೆ ನಂಬಬೇಡಿ. ಮಾಸ್ತರರು ಶಾಲೆಗೆ ಸೇರಿಸಲು ಅಂದಾಜಿಗೆ ಬರೆದದ್ದು ಅದು. ತಂದೆಯ ಹೆಸರು ಮಾತ್ರ ಸರಿಯಿರುತ್ತದೆ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಜೊತೆ ಬಂದು ಅಂಗಳದಲ್ಲಿ ನಿಂತು ನಮ್ಮ ವಂಶ ಹೇಳುತ್ತಿದ್ದರು. ಅವರ ಪುಸ್ತಕಗಳನ್ನು ಯಾರಾದರೂ ಇಂಟರ್‌ನೆಟ್‌ಗೆ ಹಾಕಿದ್ದಾರಾ?
– ಓದುಗರು, ಬಾಗಲಕೋಟೆ

ಉತ್ತರ: ಹರಿದ್ವಾರದ ಪಂಡಾಗಳ, ಅಂದರೆ ತೀರ್ಥಕ್ಷೇತ್ರದ ಪುರೋಹಿತರ, ವಂಶಾವಳಿ ವಹಿಗಳನ್ನು ಫ್ಯಾಮಿಲಿಸರ್ಚ್ ಸಂಸ್ಥೆ ಫೋಟೋ ತೆಗೆದು ಇಟ್ಟಿದೆ. ಉಚಿತ ಖಾತೆ ತೆರೆದು ನೋಡಬಹುದು. ಹೆಳವರ ಪುಸ್ತಕವನ್ನು ಹಾಗೆ ಕೂತಲ್ಲೇ ತೆರೆದು ನೋಡೋಕಾಗಲ್ಲ. ಅದು ಆ ಮನೆಯವರ ಬದುಕಿನ ಬಂಡವಾಳ. ಯಾವ ಮನೆತನ ಯಾವ ಹೆಳವರಿಗೆ ಅಂತ ಹಂಚಿಕೆಯೇ ಇರುತ್ತದೆ. ನಿಮ್ಮ ಮನೆಯ ಹೆಳವರು ಯಾರು ಅಂತ ಊರ ಹಿರಿಯರಿಗೆ ಗೊತ್ತಿರುತ್ತದೆ, ಕೇಳಿ ಕರೆಸಿ.

ಬಂದಾಗ ಊಟ ಹಾಕಿ, ಕಾಳು, ಬಟ್ಟೆ, ದುಡ್ಡು ಮರ್ಯಾದೆಯಿಂದ ಕೊಡಿ. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ನಡುವೆ ಬಾಯಿ ಹಾಕಬೇಡಿ. ಮೂಲಪುರುಷನಿಂದ ಇಳಿದು ಬರುವ ಲಯ ತಪ್ಪಿದರೆ ಅವರು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಯಾವ ಊರಿನಿಂದ ಎದ್ದು ಯಾವ ಊರಿಗೆ ಬಂದಿರಿ ಅನ್ನೋದನ್ನು ಹೆಳವರು ಹೇಳುತ್ತಾರೆ, ಪಹಣಿ ಹೇಳೋದಿಲ್ಲ. ಆ ಹಳೆಯ ಊರಿನ ಹೆಸರು ಸಿಕ್ಕರೆ ಅಲ್ಲಿನ ಕಾಗದ ಹುಡುಕಬಹುದು.

ಪ್ರಶ್ನೆ: ನಮ್ಮ ಅಜ್ಜಿಯ ಅಣ್ಣ ಎರಡನೇ ಮಹಾಯುದ್ಧದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದು ಇಟಲಿಯಲ್ಲಿ ತೀರಿಕೊಂಡರಂತೆ. ಅಜ್ಜಿಗೆ ಈಗ 91. ಎಲ್ಲಿ ಮಣ್ಣಾದರು ಅಂತ ತಿಳಿಯಬಹುದಾ?
– ಓದುಗರು, ಬೆಳಗಾವಿ

ಉತ್ತರ: ಇದನ್ನು ಇವತ್ತೇ ಮಾಡಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟ್‌ನಲ್ಲಿ ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಹೆಸರು ಉಚಿತವಾಗಿ ಹುಡುಕಬಹುದು. ಎರಡನೆಯದಕ್ಕೆ 1947ರ ಡಿಸೆಂಬರ್ 31ರವರೆಗೆ ಸತ್ತವರನ್ನೂ ಸೇರಿಸಿದ್ದಾರೆ. ಇಂಗ್ಲಿಷ್ ಗುಮಾಸ್ತರು ಹೆಸರನ್ನು ಕಿವಿಗೆ ಬಿದ್ದಂತೆ ಬರೆದಿದ್ದಾರೆ, ಆದ್ದರಿಂದ ಪೂರ್ತಿ ಹೆಸರು ಹಾಕಬೇಡಿ. ರೆಜಿಮೆಂಟ್ ಮತ್ತು ದೇಶ ಆರಿಸಿ, ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಕೊಟ್ಟು ನೋಡಿ. ಹಲವು ಸಿಪಾಯಿಗಳ ಮುಂದೆ ತಂದೆಯ ಹೆಸರು, ಊರು, ಬೆಳಗಾಂ ಅಂತ ಹಳೆಯ ರೂಪದಲ್ಲಿ ಇರುತ್ತದೆ. ಅದರಿಂದಲೇ ನಿಮ್ಮವರು ಹೌದೋ ಅಲ್ಲವೋ ಗೊತ್ತಾಗುತ್ತದೆ.

ಎಷ್ಟೋ ಸಿಪಾಯಿಗಳನ್ನು ಹೂಳಲಿಲ್ಲ, ದಹನ ಮಾಡಿದರು. ಅವರಿಗೆ ಸಮಾಧಿ ಇಲ್ಲ, ಸ್ಮಾರಕದಲ್ಲಿ ಹೆಸರಿದೆ. ಇಟಲಿಯ ಸಾಂಗ್ರೊ ನದಿಯ ಬಳಿಯ ಸ್ಮಶಾನದಲ್ಲಿ ಅಂಥ ಒಂದು ಸ್ಮಾರಕವಿದ್ದು, 500ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿವೆ. ಹೆಸರು ಸಿಕ್ಕರೆ ಅದೇ ಪುಟದಲ್ಲಿ ಸ್ಮರಣೆಯ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಅಜ್ಜಿಯ ಹತ್ತಿರ ಕೂತು ಓದಿ ಹೇಳಿ. ತಂದೆಯ ಹೆಸರು ಸರಿಯಿದೆಯಾ ಅಂತ ಅವರನ್ನೇ ಕೇಳಿ.