ಕಾಪು ಕಡಲತೀರದ ನಕ್ಷತ್ರಗಳು ಏಕೆ ಎಳೆದಂತೆ ಬರುತ್ತವೆ?

ಪ್ರಶ್ನೆ: ಕಾಪು ದೀಪಸ್ತಂಭದ ಹತ್ತಿರ ಆಕಾಶಗಂಗೆಯ ಫೋಟೊ ತೆಗೆದೆ. 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ ಡಿಎಸ್‌ಎಲ್‌ಆರ್, ಜತೆಗೆ ಬಂದ 18–55 ಎಂ.ಎಂ. ಲೆನ್ಸ್, 30 ಸೆಕೆಂಡ್. ನಕ್ಷತ್ರಗಳೆಲ್ಲ ಎಳೆದಂತಿವೆ. 14 ಎಂ.ಎಂ. ಎಫ್/2.8 ಕೊಳ್ಳಲೇ, 16 ಎಂ.ಎಂ. ಎಫ್/2 ಕೊಳ್ಳಲೇ? ಟ್ರೈಪಾಡ್ ಕೂಡ ಬದಲಿಸಬೇಕೇ?
— ಓದುಗರು, ಉಡುಪಿ

ಉತ್ತರ: ದುಡ್ಡು ಬಿಚ್ಚುವ ಮೊದಲು ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. ಚುಕ್ಕಿಗಳು ನೀಟಾದ ಸಣ್ಣ ಗೀರುಗಳಾಗಿದ್ದರೆ ಅದು ಭೂಮಿ ತಿರುಗಿದ್ದು. ಯಾವ ಟ್ರೈಪಾಡೂ ಅದನ್ನು ತಡೆಯದು. ಎಲ್ಲವೂ ಒಂದೇ ರೀತಿ ಸೊಟ್ಟಗೆ ಕೊಕ್ಕೆಯಾಗಿದ್ದರೆ ಟ್ರೈಪಾಡ್ ಅಲುಗಿದೆ. ಮೂಲೆಗಳಲ್ಲಿ ಮಾತ್ರ ಹಕ್ಕಿ ರೆಕ್ಕೆ ಬಿಚ್ಚಿದಂತಿದ್ದರೆ ಅದು ಲೆನ್ಸಿನ ಕೋಮಾ ದೋಷ, ಅಂದರೆ ಅಂಚಿನ ಚುಕ್ಕಿಗಳನ್ನು ಚುಕ್ಕಿಯಾಗಿ ಮೂಡಿಸಲಾಗದ ಕೊರತೆ. ಉಬ್ಬಿದ ಬೊಟ್ಟುಗಳಾಗಿದ್ದರೆ ಫೋಕಸ್ ತಪ್ಪಿದೆ, ಇಲ್ಲವೇ ಗಾಜಿನ ಮೇಲೆ ಇಬ್ಬನಿ ಕೂತಿದೆ.

ನಿಮ್ಮದು ಬಹುಶಃ ಮೊದಲನೆಯದು. 18 ಎಂ.ಎಂ.ನಲ್ಲಿ 30 ಸೆಕೆಂಡ್ ತೆರೆದಿಟ್ಟರೆ ನಕ್ಷತ್ರ ಸುಮಾರು 10 ಪಿಕ್ಸೆಲ್ ಜಾರುತ್ತದೆ. ಗೀರು ಕಾಣದಂತೆ ಎಷ್ಟು ಹೊತ್ತು ತೆರೆದಿಡಬಹುದು ಎಂಬುದಕ್ಕೆ 500ನ್ನು ಫೋಕಲ್ ಲೆಂತ್ (ಲೆನ್ಸಿನ ಎಂ.ಎಂ. ಸಂಖ್ಯೆ) ಮತ್ತು ಕ್ರಾಪ್ ಅಂಶದ (ಪೂರ್ಣ ಫ್ರೇಮಿಗಿಂತ ಸೆನ್ಸರ್ ಎಷ್ಟು ಪಟ್ಟು ಚಿಕ್ಕದು ಎಂಬ ಸಂಖ್ಯೆ, ಇಲ್ಲಿ 1.5) ಗುಣಲಬ್ಧದಿಂದ ಭಾಗಿಸುವ ಹಳೆಯ ಲೆಕ್ಕ 18 ಸೆಕೆಂಡ್ ಎನ್ನುತ್ತದೆ. ಇಂದಿನ ಸೆನ್ಸರ್‌ಗಳಿಗೆ ಅದೂ ಉದಾರವೇ. 500ರ ಬದಲು 300 ಹಾಕಿ, 11 ಸೆಕೆಂಡ್ ಬರುತ್ತದೆ.

ಆದ್ದರಿಂದ ನಮ್ಮ ಓಟು 16 ಎಂ.ಎಂ. ಎಫ್/2ಕ್ಕೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ಬೆಳಕು ಬಿಡುತ್ತದೆ: ನಿಮ್ಮ ಈಗಿನ ಲೆನ್ಸಿನ ಎಫ್/3.5ರಲ್ಲಿ 30 ಸೆಕೆಂಡಿಗೆ ಸಿಗುವ ಬೆಳಕು ಎಫ್/2ರಲ್ಲಿ 10 ಸೆಕೆಂಡಿಗೇ ಸಿಗುತ್ತದೆ, ಎಫ್/2.8ರಲ್ಲಿ ಸುಮಾರು 19 ಬೇಕು. 14ರ ಹೆಚ್ಚುವರಿ ಅಗಲದಲ್ಲಿ ತುಂಬುವುದು ಬರೀ ಮರಳು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಿಂದ ಶುರು ಮಾಡಿ. ಲೆನ್ಸಿನ ಮೇಲಿನ ಅನಂತ ಗುರುತನ್ನು ನಂಬಬೇಡಿ: ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂಬದಿ ಪರದೆಯಲ್ಲಿ) ಹೊಳೆಯುವ ನಕ್ಷತ್ರವೊಂದನ್ನು 10 ಪಟ್ಟು ಹಿಗ್ಗಿಸಿ, ಫೋಕಸ್ ರಿಂಗ್ ತಿರುಗಿಸುತ್ತ ಅದು ಅತಿ ಸಣ್ಣದಾಗಿ ಕಂಡಲ್ಲಿ ರಿಂಗಿಗೆ ಟೇಪ್ ಅಂಟಿಸಿ.

ಟ್ರೈಪಾಡ್ ಕ್ಯಾಮೆರಾ ಮತ್ತು ಲೆನ್ಸಿನ ತೂಕದ ಮೂರು ಪಟ್ಟನ್ನಾದರೂ ತಾಳುವಂಥದ್ದಿರಲಿ. ಅದರ ನಡುಗಂಬ ಎತ್ತಲೇಬೇಡಿ. ಕಾಪುವಿನಲ್ಲಿ ದೀಪಸ್ತಂಭದ ಬುಡದ ಬಂಡೆ ಒಣಗಿದ್ದರೆ ಅದೇ ಒಳ್ಳೆಯ ಜಾಗ. ಒದ್ದೆ ಮರಳಿನಲ್ಲಿ ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ, ಟ್ರೈಪಾಡ್ ಮೆಲ್ಲಗೆ ವಾಲುತ್ತದೆ. ಅಲೆ ಮುಟ್ಟದ ಕಡೆ, ಪ್ರತಿ ಕಾಲಿನಡಿ ಅಂಗೈಯಗಲದ ಪ್ಲೈವುಡ್ ತುಂಡಿಟ್ಟು ಬಲವಾಗಿ ಒತ್ತಿ. ಟ್ರೈಪಾಡಿನ ಕೊಕ್ಕೆಗೆ ನೇತುಹಾಕಿದ ಬ್ಯಾಗು ಗಾಳಿಗೆ ತೂಗಿದರೆ ಇದ್ದ ಸ್ಥಿರತೆಯೂ ಹೋಗುತ್ತದೆ. ಅದರ ತಳ ನೆಲಕ್ಕೆ ತಾಗಿರಲಿ. ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಆಫ್, 2 ಸೆಕೆಂಡ್ ಟೈಮರ್ ಆನ್.

ದೀಪಸ್ತಂಭದ ದೀಪವನ್ನು ಚೌಕಟ್ಟಿನಿಂದ ಹೊರಗಿಡಿ, ಬೇಕೇಬೇಕಿದ್ದರೆ ಅದನ್ನು ಬೇರೆಯೇ ಕಡಿಮೆ ಎಕ್ಸ್‌ಪೋಷರಿನಲ್ಲಿ ತೆಗೆದು ಜೋಡಿಸಿ. ಕಡಲಿನ ಮೇಲೆ ಆಕಾಶಗಂಗೆಯ ನಡುಭಾಗ ಬೇಕೆಂದರೆ ಮಳೆ ಹಿಂದೆಗೆದ ಅಕ್ಟೋಬರ್ ನಡುವಿನಲ್ಲಿ, ಚಂದ್ರನಿಲ್ಲದ ಸಂಜೆ 7.30ಕ್ಕೆ ನೈಋತ್ಯಕ್ಕೆ ತಿರುಗಿ. ಸುಮಾರು 10ಕ್ಕೆ ಅದು ಮುಳುಗುತ್ತದೆ. ಮೀನುಗಾರಿಕೆ ದೋಣಿಗಳ ದೀಪ ಮಾತ್ರ ದಿಗಂತದಲ್ಲಿ ಇದ್ದೇ ಇರುತ್ತದೆ. ಲೆನ್ಸಿಗೆ ಉಪ್ಪಿನ ಹನಿ ಹಾರಿದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಇಬ್ಬನಿಗೆ ಪವರ್ ಬ್ಯಾಂಕಿನಿಂದ ನಡೆಯುವ ಬಿಸಿಪಟ್ಟಿಯನ್ನು ಲೆನ್ಸಿಗೆ ಸುತ್ತಿ. ಟ್ರೈಪಾಡಿನ ಕಾಲುಗಳನ್ನು ಆ ರಾತ್ರಿಯೇ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಲಾಕುಗಳನ್ನು ಸಡಿಲಿಸಿ ಒಣಗಲು ಬಿಡಿ.